ಓದುಗರ ಪ್ರಶ್ನೆ: ಅರ್ಧ ಗಾಳಿಯ ಟೈರ್‌ನಲ್ಲಿ ವಿಮಾನ ಇಳಿಯುತ್ತಾ?

ಕಳೆದ ಸಂಚಿಕೆಯಲ್ಲಿ ವಿಮಾನದ ಚಕ್ರಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ವಿಷಯ. ಅಲಾಸ್ಕಾದ ಸಣ್ಣ ವಿಮಾನಗಳಿಗೆ ಹಾಕುವ ಆ ದೊಡ್ಡ, ಮೆತ್ತನೆ ಟೈರು. ನಾನು 31 ವರ್ಷ ಸಣ್ಣ ವಿಮಾನಗಳ ಚಕ್ರ, ಬ್ರೇಕು ಬಿಚ್ಚಿ ಜೋಡಿಸಿದವನು. ನಿವೃತ್ತಿಯಾದ ಮೇಲೆ ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಇದ್ದೇನೆ. ಟೈರು ನನಗೆ ತುಂಬಾ ಪ್ರೀತಿಯ ವಿಷಯ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಅಲಾಸ್ಕಾದಲ್ಲಿ ಒಂದು ಪುಟ್ಟ ವಿಮಾನ ನದಿಯ ಕಲ್ಲುಗಳ ಮೇಲೆ ಇಳಿಯುವ ವಿಡಿಯೋ ನೋಡಿದೆ. ಟೈರು ಬಹಳ ದೊಡ್ಡದು. ಅದರಲ್ಲಿ ಗಾಳಿ ಅರ್ಧವೇ ಇದ್ದ ಹಾಗಿತ್ತು. ಅಷ್ಟು ಕಲ್ಲು ತಾಗಿದರೂ ಒಡೆಯಲಿಲ್ಲ. ಯಾಕೆ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ನೀನು ಸರಿಯಾಗಿಯೇ ನೋಡಿದ್ದೀಯ ಮಗಳೇ. ಅದರಲ್ಲಿ ಗಾಳಿ ಕಡಿಮೆಯೇ ಇರುತ್ತದೆ. ಬೇಕಂತಲೇ ಕಡಿಮೆ ಹಾಕಿರುತ್ತಾರೆ.

ಪಂಚರ್ ಅಂಗಡಿಯಲ್ಲಿ ‘ಮೂವತ್ತು ಹಾಕಪ್ಪ’ ಅನ್ನುತ್ತೇವಲ್ಲ, ಅದು 30 ಪಿಎಸ್‌ಐ. ಒಂದು ಚದರ ಇಂಚಿನ ಮೇಲೆ 30 ಪೌಂಡ್ ಒತ್ತಡ ಅಂತ ಅರ್ಥ. ಬೈಕು, ಕಾರಿಗೆ ಹೆಚ್ಚೂಕಡಿಮೆ ಅಷ್ಟೇ ಹಾಕುವುದು. ಲಾರಿಗೆ 100 ದಾಟುತ್ತದೆ. ನೀನು ನೋಡಿದ ಟೈರಿಗೆ 8ರಿಂದ 10 ಸಾಕು. ನೆಲ ತೀರಾ ಮೆತ್ತಗಿದ್ದರೆ ಇನ್ನೂ ಇಳಿಸುತ್ತಾರೆ. ಎತ್ತರ ಮಾತ್ರ 26, 29, 31, 35 ಇಂಚು. 31 ಇಂಚಿನದನ್ನು ಪಕ್ಕದಲ್ಲಿ ನಿಲ್ಲಿಸಿದರೆ ನಿನ್ನ ಸೊಂಟದ ಹತ್ತಿರ ಬರುತ್ತದೆ. ಇದಕ್ಕೆ ಅಲ್ಲಿನವರು ಟಂಡ್ರಾ ಟೈರ್ ಅನ್ನುತ್ತಾರೆ. ಟಂಡ್ರಾ ಅಂದರೆ ಮರ ಬೆಳೆಯದ ಚಳಿ ಬಯಲು. ಬೇಸಿಗೆಯಲ್ಲಿ ಅಲ್ಲಿ ಪಾಚಿ, ಹುಲ್ಲಿನ ಗುಪ್ಪೆ, ಕೆಸರು. ಅಂಥ ಊರುಗಳಿಗೆ ರಸ್ತೆ ಇಲ್ಲ. ವಿಮಾನವೇ ಅವರ ಬಸ್ಸು.

ಇದರ ಗುಟ್ಟು ನನಗೆ ಮೊದಲು ಗೊತ್ತಾಗಿದ್ದು ವಿಮಾನದಿಂದ ಅಲ್ಲ, ಬಂಡಿಯಿಂದ. ನಾನು ಚಿಕ್ಕವನಿದ್ದಾಗ ನಮ್ಮ ಅಪ್ಪನದು ಕಟ್ಟಿಗೆ ಗಾಲಿಯ ಬಂಡಿ. ಗಾಲಿಗೆ ಕಬ್ಬಿಣದ ಪಟ್ಟಿ. ಮೋಕಾ ಹತ್ತಿರ ಹಗರಿ ಹೊಳೆ ದಾಟುವಾಗ ಆ ಪಟ್ಟಿ ಮರಳನ್ನು ಕತ್ತಿಯ ಹಾಗೆ ಕೊಯ್ದುಕೊಂಡು ಒಳಗೆ ಇಳಿಯುತ್ತಿತ್ತು. ಎತ್ತು ಬಾಯಲ್ಲಿ ನೊರೆ ತರುತ್ತಿದ್ದವು. ನಾವೆಲ್ಲ ಕೆಳಗೆ ಇಳಿದು ತಳ್ಳಬೇಕು. ನಮ್ಮ ದೊಡ್ಡಪ್ಪ ಟೈರ್ ಬಂಡಿ ಮಾಡಿಸಿದರು. ಅದೇ ಎತ್ತು, ಅದೇ ಜೋಳದ ಚೀಲ, ಅದೇ ಮರಳು. ಬಂಡಿ ಸುಮ್ನೆ ದಾಟಿಹೋಯಿತು. ತೂಕ ಬದಲಾಗಿರಲಿಲ್ಲ. ತೂಕ ಕೂರುವ ಜಾಗ ದೊಡ್ಡದಾಗಿತ್ತು, ಅಷ್ಟೇ.

ಈಗ ವಿಮಾನದ ಲೆಕ್ಕ ಮಾಡೋಣ. ಪೈಪರ್ ಸೂಪರ್ ಕಬ್ ಅನ್ನುವ ಎರಡು ಸೀಟಿನ ವಿಮಾನ 1949ರಲ್ಲಿ ಬಂತು. ಅಲಾಸ್ಕಾದಲ್ಲಿ ಇವತ್ತಿಗೂ ಅದರ ಮೇಲೆ ಬಹಳ ನಂಬಿಕೆ. ಪೂರ್ತಿ ತುಂಬಿದಾಗ ಅದರ ತೂಕ 794 ಕೆಜಿ. ಟೈರಿನೊಳಗೆ ಎಷ್ಟು ಒತ್ತಡ ಇದೆಯೋ ಹೆಚ್ಚೂಕಡಿಮೆ ಅಷ್ಟೇ ಒತ್ತಡ ಟೈರು ನೆಲದ ಮೇಲೆ ಹಾಕುತ್ತದೆ. 30 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರ್‌ಗೆ ಸುಮಾರು 2.1 ಕೆಜಿ. ಆಗ ಒಂದೊಂದು ಟೈರು ನೆಲ ಮುಟ್ಟುವ ಜಾಗ ಸುಮಾರು 190 ಚದರ ಸೆಂಟಿಮೀಟರ್, ನಿನ್ನ ಅಂಗೈ ಚಾಚಿ ಇಟ್ಟಷ್ಟು. 10 ಪಿಎಸ್‌ಐಗೆ ಇಳಿಸಿದರೆ ಅದು 570 ಆಗುತ್ತದೆ. ಸಣ್ಣ ಊಟದ ತಟ್ಟೆಯಷ್ಟು ಜಾಗ. ಮರಳಿನಲ್ಲಿ ಮುಳುಗುವುದಕ್ಕೂ ತೇಲುವುದಕ್ಕೂ ಇಷ್ಟೇ ವ್ಯತ್ಯಾಸ.

ಕಲ್ಲಿಗೆ ಯಾಕೆ ಒಡೆಯಲ್ಲ ಅಂತ ಕೇಳಿದ್ದೀಯ. ಗಟ್ಟಿ ಟೈರು ಕಲ್ಲಿನ ಮೇಲೆ ಹತ್ತಬೇಕಾದರೆ ಇಡೀ ವಿಮಾನವನ್ನೇ ಎತ್ತಬೇಕು. ಅದೆಲ್ಲ ಪೆಟ್ಟಾಗಿ ಟೈರಿಗೂ ಅದನ್ನು ಹಿಡಿದ ವಿಮಾನದ ಕಾಲಿಗೂ ಬೀಳುತ್ತದೆ. ಮೆತ್ತನೆ ಟೈರು ಕಲ್ಲನ್ನು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಹತ್ತಿಯ ಗಾದಿ ಮೇಲೆ ನಿಂಬೆಹಣ್ಣು ಒತ್ತಿ ನೋಡು, ಹಾಗೆ. ಆದರೆ ಸಣ್ಣ ಟೈರಿನಲ್ಲಿ ಗಾಳಿ ಇಳಿಸಿದರೆ ಈ ಆಟ ನಡೆಯುವುದಿಲ್ಲ. ಕಲ್ಲು ಒಳಗೆ ಬಂದು ರಿಮ್ಮಿಗೇ ಬಡಿಯುತ್ತದೆ. ಕಲ್ಲಿಗೂ ರಿಮ್ಮಿಗೂ ನಡುವೆ ಸಾಕಷ್ಟು ಗಾಳಿಯ ಎತ್ತರ ಬೇಕು. ಟೈರು ದೊಡ್ಡದಿರುವುದು ಅದಕ್ಕೇ. ದೊಡ್ಡ ಗಾತ್ರ ಮತ್ತು ಕಡಿಮೆ ಗಾಳಿ ಎರಡು ಬೇರೆ ವಿಷಯ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ಅದು ನನ್ನ ಕೆಲಸಕ್ಕೆ ಸೇರಿದ್ದು. ಗಾಳಿ ಕಡಿಮೆ ಇದ್ದರೆ ಟೈರು ರಿಮ್ಮನ್ನು ಬಿಗಿಯಾಗಿ ಹಿಡಿದಿರುವುದಿಲ್ಲ. ಬ್ರೇಕ್ ಒತ್ತಿದಾಗ ರಿಮ್ಮು ನಿಲ್ಲುತ್ತದೆ, ಟೈರು ಸ್ವಲ್ಪ ಜಾರುತ್ತದೆ. ಒಳಗೆ ಟ್ಯೂಬ್ ಇದ್ದರೆ ಅದೂ ಟೈರಿನ ಜೊತೆ ಜಾರುತ್ತದೆ. ಆದರೆ ಅದರ ವಾಲ್ವ್ ರಿಮ್ಮಿನ ತೂತಿನಲ್ಲಿ ಸಿಕ್ಕಿರುತ್ತದೆ. ಕೊನೆಗೆ ವಾಲ್ವ್ ಕಿತ್ತುಕೊಂಡು ಬರುತ್ತದೆ. ಇದನ್ನು ಹಿಡಿಯಲು ನಾವು ಟೈರಿನಿಂದ ರಿಮ್ಮಿಗೆ ಸೇರುವ ಹಾಗೆ ಒಂದು ಬಣ್ಣದ ಗೆರೆ ಎಳೆಯುತ್ತೇವೆ. ಗೆರೆ ಎರಡು ತುಂಡಾಗಿ ಕಂಡರೆ ಟೈರು ಜಾರಿದೆ ಅಂತ ಅರ್ಥ. ನಾನಿದ್ದ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಪುಷ್ಪಕ್ ಇತ್ತು. ಎಚ್‌ಎಎಲ್ ಮಾಡಿದ ಎರಡು ಸೀಟಿನ, ಬಾಲದಲ್ಲಿ ಪುಟ್ಟ ಚಕ್ರ ಇರುವ ವಿಮಾನ. ಒಮ್ಮೆ ಯಾರೋ ಇಳಿಯುವಾಗ ಕುಲುಕಾಟ ಕಡಿಮೆಯಾಗಲಿ ಅಂತ ಅದರ ಟೈರಿನ ಗಾಳಿ ಬಿಟ್ಟಿದ್ದರು. ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದಿರಲಿಲ್ಲ. ಬೆಳಿಗ್ಗೆ ನೋಡಿದರೆ ಗೆರೆ ಎರಡು ಬೆರಳು ಜರುಗಿದೆ. ವಾಲ್ವ್ ಓರೆಯಾಗಿ ನಿಂತಿದೆ. ಆ ದಿನ ಅದು ಹಾರಿದ್ದರೆ ಇಳಿಯುವಾಗ ಒಂದು ಚಕ್ರ ಚಪ್ಪಟೆಯಾಗುತ್ತಿತ್ತು. ಇವತ್ತಿಗೂ ನೆನಪಾದರೆ ಎದೆ ಧಸಕ್ ಅನ್ನುತ್ತದೆ.

ಬುಷ್‌ವೀಲ್ ಅನ್ನುವ ಟೈರಿನಲ್ಲಿ ಇದಕ್ಕೆ ಉಪಾಯ ಮಾಡಿದ್ದಾರೆ. ಟ್ಯೂಬೇ ಇಲ್ಲ. ವಾಲ್ವನ್ನು ರಿಮ್ಮಿನಲ್ಲಿ ಇಡದೆ ಟೈರಿನ ಪಕ್ಕದ ಗೋಡೆಯಲ್ಲೇ ಕೂರಿಸಿದ್ದಾರೆ. ಟೈರು ಜಾರಿದರೆ ವಾಲ್ವೂ ಜೊತೆಗೇ ಹೋಗುತ್ತದೆ, ಕೀಳುವುದಿಲ್ಲ. ಇದನ್ನು ಯೋಚಿಸಿದವರ ಕೈಗೆ ಗ್ರೀಸು ಮೆತ್ತಿರಲೇಬೇಕು. ನನಗೆ ಅವರ ಮೇಲೆ ತುಂಬಾ ಗೌರವ.

ಪ್ರಶ್ನೆ: ಅಂಥ ವಿಮಾನ ನಮ್ಮ ಎರೆ ಹೊಲದಲ್ಲಿ ಇಳಿಯಬಹುದಾ? ಭತ್ತಕ್ಕೆ ಔಷಧಿ ಹೊಡೆಯಲು ಆಳು ಸಿಗುತ್ತಿಲ್ಲ.
— ರೈತರು, ಸಿಂಧನೂರು

ಉತ್ತರ: ಅಣ್ಣಾವ್ರೇ, ಎರೆ ಮಣ್ಣಿನ ಗುಣ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಮೊಣಕೈವರೆಗೆ ಕೈ ಇಳಿಯುತ್ತದೆ. ಮಳೆ ಬಿದ್ದರೆ ಚಪ್ಪಲಿಗೆ ಎರಡು ಕೆಜಿ ಮಣ್ಣು. ದೊಡ್ಡ ಟೈರು ಬಿರುಕನ್ನು ದಾಟಬಲ್ಲದು. ಸಣ್ಣ ಗಾಲಿ ಬೀಳುವ ಗುಂಡಿಯ ಮೇಲೆ ದೊಡ್ಡ ಗಾಲಿ ಹಾಸಿಕೊಂಡು ಹೋಗುತ್ತದೆ. ಆದರೆ ಹಸಿ ಎರೆ ಬೇರೆಯೇ ಕಥೆ. ಅದು ಟೈರಿಗೆ ಸುತ್ತಿಕೊಳ್ಳುತ್ತದೆ. ಸುತ್ತಿ ಸುತ್ತಿ ದಪ್ಪವಾಗಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಟ್ರ್ಯಾಕ್ಟರ್ ಆದರೆ ಅಲ್ಲೇ ಹೂತು ನಿಲ್ಲುತ್ತದೆ. ಓಡುತ್ತಿರುವ ವಿಮಾನದ ಚಕ್ರ ಥಟ್ಟನೆ ನಿಂತರೆ ಬಾಲ ಮೇಲೆ ಬಂದು ಮೂಗು ನೆಲಕ್ಕೆ ಬಡಿಯುತ್ತದೆ. ಭತ್ತದ ಗದ್ದೆಗೆ ನೀವು ಟ್ರ್ಯಾಕ್ಟರಿಗೆ ಕೇಜ್ ವೀಲ್, ಅಂದರೆ ಕಬ್ಬಿಣದ ಪಂಜರದ ಗಾಲಿ ಹಾಕುತ್ತೀರಲ್ಲ, ಯಾಕೆ ಅಂತ ನಿಮಗೆ ಗೊತ್ತು. ಅಲ್ಲಿ ರಬ್ಬರ್ ಟೈರಿನ ಆಟ ನಡೆಯುವುದಿಲ್ಲ. ಅಲಾಸ್ಕಾದವರು ಹುಡುಕುವುದೂ ಮರಳು ಬೆರೆತ ನದಿಗಲ್ಲಿನ ದಿಬ್ಬವನ್ನು, ಅಂಟು ಮಣ್ಣನ್ನಲ್ಲ. ನಮ್ಮ ಕಡೆ ಯೋಚಿಸುವುದಾದರೆ ಕೆಂಪು ಮಸಾರಿ ಭೂಮಿ ವಾಸಿ.

ಅವರು ಇಳಿಯುವ ಮೊದಲು ಒಂದು ಪರೀಕ್ಷೆ ಮಾಡುತ್ತಾರೆ. ಎಂಜಿನ್ ಶಕ್ತಿ ಬಿಡದೆ, ವಿಮಾನದ ತೂಕ ರೆಕ್ಕೆಯ ಮೇಲೇ ಇಟ್ಟುಕೊಂಡು, ಚಕ್ರವನ್ನು ನೆಲಕ್ಕೆ ಸವರಿಕೊಂಡು ಹೋಗಿ ಮತ್ತೆ ಎದ್ದುಬಿಡುತ್ತಾರೆ. ಆಮೇಲೆ ಒಂದು ಸುತ್ತು ಹಾಕಿ ಬಂದು ಗುರುತನ್ನು ನೋಡುತ್ತಾರೆ. ಗುರುತು ತೆಳ್ಳಗಿದ್ದರೆ ಇಳಿಯಬಹುದು. ಆಳವಾಗಿ ಕಪ್ಪಗಿದ್ದರೆ ಬೇಡ. ನಮ್ಮ ಹಿರಿಯರು ಬಂಡಿ ಹೊಡೆಯುವ ಮೊದಲು ಹಳ್ಳಕ್ಕೆ ಇಳಿದು ಹಿಮ್ಮಡಿ ಊರಿ ನೋಡುತ್ತಿದ್ದರಲ್ಲ, ಅದೇ ಬುದ್ಧಿ.

ಔಷಧಿ ಹೊಡೆಯಲು ಎಚ್‌ಎಎಲ್ ಬಸಂತ್ ಅನ್ನುವ ವಿಮಾನವನ್ನೇ ಮಾಡಿತ್ತು. 1972ರಲ್ಲಿ ಮೊದಲ ಸಲ ಹಾರಿತು. ಈಗ ನಿಮ್ಮ ಕೆಲಸಕ್ಕೆ ಡ್ರೋನ್ ಸಾಕು. ಅದಕ್ಕೆ ಟೈರೂ ಬೇಡ, ಹೊಲದ ಬದುವಿನಿಂದಲೇ ಏಳುತ್ತದೆ. ಮತ್ತೆ ಇಲ್ಲಿ ಯಾರ ಹೊಲದಲ್ಲಿ ಬೇಕಾದರೂ ವಿಮಾನ ಇಳಿಸುವ ಹಾಗಿಲ್ಲ, ಅನುಮತಿ ಬೇಕು.

ಪ್ರಶ್ನೆ: ಇಷ್ಟು ಒಳ್ಳೆಯ ಟೈರು ಆದರೆ ಎಲ್ಲ ಸಣ್ಣ ವಿಮಾನಗಳಿಗೂ ಯಾಕೆ ಹಾಕುವುದಿಲ್ಲ?
— ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿ, ರಾಯಚೂರು

ಉತ್ತರ: ಒಳ್ಳೆ ಪ್ರಶ್ನೆ ತಮ್ಮಾ. ಆ ಟೈರು ಕೊಡುವುದಕ್ಕಿಂತ ಕೇಳುವುದೇನೂ ಕಡಿಮೆ ಇಲ್ಲ.

ಮೊದಲು ಬ್ರೇಕು. 20 ಇಂಚಿನ ಟೈರು ತೆಗೆದು 31 ಇಂಚಿನದು ಹಾಕಿದೆ ಅಂದುಕೋ. ನೆಲ ಹಿಂದಕ್ಕೆ ಎಳೆಯುವ ಜಾಗ ಆಕ್ಸಲ್‌ನಿಂದ ಒಂದೂವರೆ ಪಟ್ಟು ದೂರ ಹೋಯಿತು. ಅಷ್ಟೇ ನಿಲ್ಲಿಸಬೇಕಾದರೆ ಬ್ರೇಕು ಒಂದೂವರೆ ಪಟ್ಟು ತಿರುಚು ಬಲ ಕೊಡಬೇಕು. ಹಳೆ ಬ್ರೇಕು ಇಟ್ಟುಕೊಂಡು ಟೈರು ಮಾತ್ರ ದೊಡ್ಡದು ಹಾಕಿದರೆ ಇಳಿಜಾರಿನಲ್ಲಿ ವಿಮಾನ ನಿಲ್ಲುವುದೇ ಇಲ್ಲ. ಸರಿ, ಬ್ರೇಕನ್ನೂ ದೊಡ್ಡದು ಹಾಕಿದೆ ಅನ್ನು. ಈಗ ಜೋರಾಗಿ ಒತ್ತಿದರೆ ಮೂಗು ಮಗುಚುವ ಭಯ. ಇದನ್ನೆಲ್ಲ ಲೆಕ್ಕ ಹಾಕಿ, ಪರೀಕ್ಷೆ ಮಾಡಿ, ಅಧಿಕಾರಿಗಳು ಒಪ್ಪಿದ ಮೇಲೆಯೇ ಟೈರು ಬದಲಿಸಬೇಕು. ಬೈಕಿಗೆ ಅಗಲದ ಟೈರು ಹಾಕಿಸಿಕೊಂಡ ಹಾಗಲ್ಲ ಅದು.

ಆಮೇಲೆ ಗಾಳಿಯ ತಡೆ. ಅಷ್ಟು ದಪ್ಪದ ಎರಡು ಚಕ್ರ ಹೊರಗೆ ನೇತಾಡುತ್ತಿದ್ದರೆ ವೇಗ ಕಡಿಮೆಯಾಗುತ್ತದೆ, ಏರುವ ಶಕ್ತಿ ಕಡಿಮೆಯಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ತೂಕ ಉಳಿಸಲು ಈ ಟೈರಿನ ಮೇಲೆ ಉಬ್ಬು, ಗೆರೆ ಏನೂ ಇಡುವುದಿಲ್ಲ. ಬೋಳು. ರಬ್ಬರೂ ಮೆತ್ತಗೆ. ಡಾಂಬರಿನ ಮೇಲೆ ದಿನಾ ಓಡಿಸಿದರೆ ಬೇಗ ಸವೆದುಹೋಗುತ್ತದೆ. ಅಲ್ಲಿನವರು ಡಾಂಬರು ರನ್‌ವೇ ಪಕ್ಕದಲ್ಲಿ ಹುಲ್ಲು ಇದ್ದರೆ ಹುಲ್ಲಿನ ಮೇಲೇ ಇಳಿಯಲು ನೋಡುತ್ತಾರೆ.

ಮಳೆಯಲ್ಲಿ ಇನ್ನೊಂದು ಅಪಾಯ ಇದೆ. ನೀರು ನಿಂತ ರನ್‌ವೇ ಮೇಲೆ ಒಂದು ವೇಗ ದಾಟಿದರೆ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕು ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ಆ ವೇಗಕ್ಕೆ ಒಂದು ಸುಲಭ ಲೆಕ್ಕ ಇದೆ. ಪಿಎಸ್‌ಐನ ವರ್ಗಮೂಲ ತೆಗೆದು 9ರಿಂದ ಗುಣಿಸು, ನಾಟ್‌ಗಳಲ್ಲಿ ವೇಗ ಬರುತ್ತದೆ. 36 ಪಿಎಸ್‌ಐ ಇದ್ದರೆ 54 ನಾಟ್, ಅಂದರೆ ಗಂಟೆಗೆ 100 ಕಿಲೋಮೀಟರ್. 9 ಪಿಎಸ್‌ಐ ಇದ್ದರೆ 27 ನಾಟ್, ಗಂಟೆಗೆ 50 ಕಿಲೋಮೀಟರ್ ಅಷ್ಟೇ. ಸೂಪರ್ ಕಬ್ ನೆಲ ಮುಟ್ಟುವುದೇ ಗಂಟೆಗೆ ಸುಮಾರು 65, 70 ಕಿಲೋಮೀಟರ್ ವೇಗದಲ್ಲಿ. ಅಂದರೆ ನೀರು ನಿಂತಿದ್ದರೆ ಮುಟ್ಟಿದ ಕ್ಷಣದಿಂದಲೇ ತೇಲಾಟ. ಕೆಲವು ಪೈಲಟ್‌ಗಳು ಇದನ್ನೇ ಬಳಸಿಕೊಂಡು ನದಿಯ ನೀರಿನ ಮೇಲೆ ಚಕ್ರ ಜಾರಿಸುತ್ತಾ ಬಂದು ದಂಡೆಗೆ ಏರುತ್ತಾರೆ. ವಿಡಿಯೋದಲ್ಲಿ ನೋಡಲು ಚೆಂದ. ವೇಗ ಸ್ವಲ್ಪ ಬಿದ್ದರೆ ಚಕ್ರ ನೀರಿಗೆ ಕಚ್ಚಿಕೊಳ್ಳುತ್ತದೆ, ವಿಮಾನ ಪಲ್ಟಿ ಹೊಡೆಯುತ್ತದೆ.

ಪುಟಿಯುವುದೂ ಇದೆ. ಗಾಳಿ ತುಂಬಿದ ದೊಡ್ಡ ಚೆಂಡು ಅದು. ಜೋರಾಗಿ ಬಿದ್ದರೆ ಪೆಟ್ಟನ್ನು ನುಂಗುವುದಿಲ್ಲ, ವಾಪಸ್ ಕೊಡುತ್ತದೆ. ಹಾಗಾಗಿ ಟೈರಿನ ಜೊತೆ ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿದವರೇ ಜಾಣರು.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಇದ್ಯಾವುದೂ ಅಲ್ಲ. ಟೈರು ಮೆತ್ತಗಿದ್ದರೆ ಎಲ್ಲಿ ಬೇಕಾದರೂ ಇಳಿಯಬಹುದು ಅಂತ ಮನಸ್ಸು ಹೇಳುತ್ತದೆ. ಇಳಿಯುವುದಕ್ಕೆ ಬೇಕಾದ ಜಾಗ ಬೇರೆ, ಏಳುವುದಕ್ಕೆ ಬೇಕಾದ ಜಾಗ ಬೇರೆ. ಇಳಿಯುವಾಗ ಮರಳೂ ಹುಲ್ಲೂ ನಿನ್ನನ್ನು ಹಿಡಿದು ನಿಲ್ಲಿಸುತ್ತವೆ. ಏಳುವಾಗ ಅದೇ ಮರಳು, ಅದೇ ಹುಲ್ಲು ಕಾಲು ಹಿಡಿದು ಎಳೆಯುತ್ತವೆ. ಜೊತೆಗೆ ಬಿಸಿಲು. ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಗಾಳಿ ತೆಳ್ಳಗಾಗಿ ರೆಕ್ಕೆಗೂ ಎಂಜಿನ್‌ಗೂ ಶಕ್ತಿ ಕುಂದುತ್ತದೆ. ಟೈರು ಅದಕ್ಕೆ ಏನೂ ಮಾಡಲಾರದು. ನಾನು ಹುಡುಗರಿಗೆ ಯಾವಾಗಲೂ ಹೇಳುತ್ತಿದ್ದೆ, ಚಕ್ರ ನೋಡಿ ಇಳಿಯಬೇಡಿ, ಎಂಜಿನ್ ನೋಡಿ ಇಳಿಯಿರಿ ಅಂತ.

ಪ್ರಶ್ನೆ: ದೊಡ್ಡ ಜೆಟ್ ವಿಮಾನದ ಟೈರು ಯಾಕೆ ಅಷ್ಟು ಗಟ್ಟಿ?
— ಗೃಹಿಣಿ, ತೋರಣಗಲ್ಲು

ಉತ್ತರ: ಅಮ್ಮಾ, ಅದು ಜಾಗದ ಪ್ರಶ್ನೆ. ಏರ್‌ಬಸ್ ಎ320 ತುಂಬಿದಾಗ ಸುಮಾರು 78 ಟನ್ ತೂಗುತ್ತದೆ. ಅದರ ಟೈರಿನಲ್ಲಿ 200 ಪಿಎಸ್‌ಐ ಆಸುಪಾಸು ಇರುತ್ತದೆ. ಅದನ್ನು 10 ಪಿಎಸ್‌ಐ ಟೈರಿನ ಮೇಲೆ ನಿಲ್ಲಿಸಬೇಕಾದರೆ ನೆಲ ಮುಟ್ಟುವ ರಬ್ಬರೇ 11 ಚದರ ಮೀಟರ್ ಬೇಕು. ನಿಮ್ಮ ಮನೆಯ ಮಲಗುವ ಕೋಣೆಯಷ್ಟು. ಅಂಥ ಚಕ್ರವನ್ನು ಹೊಟ್ಟೆಯೊಳಗೆ ಮಡಚಿ ಇಡಲು ಆಗುತ್ತದಾ? ಅದಕ್ಕೇ ಟೈರು ಗಟ್ಟಿ ಮಾಡಿ, ಕೆಳಗೆ ದಪ್ಪ ರನ್‌ವೇ ಹಾಕುತ್ತಾರೆ.

ಪ್ರಶ್ನೆ: ಕೃಷ್ಣಾ ನದಿಯ ಮರಳಿನಲ್ಲಿ ಬೈಕ್ ಹೂತುಕೊಳ್ಳುತ್ತದೆ. ನಾನೂ ಗಾಳಿ 10ಕ್ಕೆ ಇಳಿಸಬಹುದಾ?
— ಓದುಗ, ದೇವದುರ್ಗ

ಉತ್ತರ: ಬೇಡಪ್ಪಾ. ನಿನ್ನ ಬೈಕಿನ ಟೈರು ಸಣ್ಣದು, ರಿಮ್ಮು ನೆಲಕ್ಕೆ ಹತ್ತಿರ. ಟ್ಯೂಬ್ ಇದ್ದರೆ ಮೇಲೆ ಹೇಳಿದ ಹಾಗೆ ವಾಲ್ವ್ ಕೀಳುತ್ತದೆ. ಸ್ವಲ್ಪ ಇಳಿಸಿ ನಿಧಾನ ದಾಟು. ದಾಟಿದ ಮೇಲೆ ಕಾಲಿನಿಂದ ಒತ್ತುವ ಪಂಪಿನಲ್ಲಿ ಮತ್ತೆ ತುಂಬಿಸಿಯೇ ರಸ್ತೆಗೆ ಹತ್ತು. ಮರೆತು ಹಾಗೇ ವೇಗವಾಗಿ ಓಡಿಸಬೇಡ.

ಪ್ರಶ್ನೆ: 1932ರಲ್ಲಿ ಟಪಾಲು ವಿಮಾನ ಬಳ್ಳಾರಿಯಲ್ಲಿ ಇಳಿದಿತ್ತು ಅನ್ನುತ್ತಾರೆ. ನಿಜವಾ? ಮಕ್ಕಳಿಗೆ ಹೇಳಬೇಕು.
— ಪ್ರೌಢಶಾಲೆ ಶಿಕ್ಷಕರು, ಬಳ್ಳಾರಿ

ಉತ್ತರ: ನಿಜ ಮೇಷ್ಟ್ರೇ. ಖಂಡಿತ ಹೇಳಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ಹೊರಟರು. ಅಹಮದಾಬಾದಿನಲ್ಲಿ ಇಳಿದು ಮುಂಬೈಗೆ ಬಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಮುಂದೆ ಒಯ್ದರು. ಮುಂಬೈ, ಬಳ್ಳಾರಿ, ಮದ್ರಾಸು. ನಮ್ಮೂರು ಆ ದಾರಿಯ ನಿಲ್ದಾಣ. ವಿಮಾನದ ಹೆಸರು ಪುಸ್ ಮಾತ್, ಒಂದೇ ಎಂಜಿನ್ನಿನದು. ಏರ್ ಇಂಡಿಯಾ ಹುಟ್ಟಿದ್ದು ಈ ಟಪಾಲು ಸೇವೆಯಿಂದಲೇ.

ಆ ಕಾಲದಲ್ಲಿ ಈಗಿನಂಥ ಕಾಂಕ್ರೀಟ್ ರನ್‌ವೇ ಎಲ್ಲಿತ್ತು? ಮುಂಬೈಯ ಜುಹೂ ಬರೀ ಕೆಸರು ಬಯಲು. ಮಳೆಗಾಲ ಬಂತು ಅಂದರೆ ಅದು ಸಮುದ್ರದ ಪಾಲು. ಆಗ ಟಪಾಲು ಸೇವೆಯನ್ನು ಪುಣೆಗೆ ಎತ್ತಿಕೊಂಡು ಹೋಗುತ್ತಿದ್ದರು. ವಿಮಾನಗಳು ಮಣ್ಣು, ಹುಲ್ಲಿನ ಮೇಲೇ ಇಳಿಯುತ್ತಿದ್ದ ಕಾಲ ಅದು. ಅಮೆರಿಕದಲ್ಲಿ ಗುಡ್‌ಇಯರ್ ಕಂಪನಿ ಏರ್‌ವೀಲ್ ಅನ್ನುವ ದಪ್ಪ, ಮೆತ್ತನೆ ಟೈರು ತಂದದ್ದೂ ಸುಮಾರು ಅದೇ ಹೊತ್ತಿಗೆ. ಅಲಾಸ್ಕಾದ ಇವತ್ತಿನ ಟೈರನ್ನು ಅದರ ಮೊಮ್ಮಗು ಅನ್ನಬಹುದು. ಮಕ್ಕಳಿಗೆ ಇದನ್ನು ಹೇಳುವಾಗ ಒಂದು ಸೈಕಲ್ ಟೈರು, ಒಂದು ಟ್ರ್ಯಾಕ್ಟರ್ ಟ್ಯೂಬು ಶಾಲೆಗೆ ತರಿಸಿ. ಎರಡನ್ನೂ ಮರಳಿನ ಮೇಲೆ ಇಟ್ಟು ಒಬ್ಬ ಹುಡುಗನನ್ನು ಕೂರಿಸಿ, ಗುರುತಿನ ಆಳ ಅಳೆಯಲಿ. ನಾನೂ ಬರುತ್ತೇನೆ, ಹೇಳಿ ಕಳಿಸಿ.

ಪ್ರಶ್ನೆ: ನನಗೆ ವಿಮಾನ ಹಾರಿಸುವುದಕ್ಕಿಂತ ರಿಪೇರಿ ಮಾಡುವ ಆಸೆ. ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರಾ?
— ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ತೆಗೆದುಕೊಳ್ಳುತ್ತಾರೆ ತಾಯಿ, ಯಾಕಿಲ್ಲ? ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲಿ. ಆಮೇಲೆ ಡಿಜಿಸಿಎ, ಅಂದರೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ಒಪ್ಪಿಗೆ ಇರುವ ಸಂಸ್ಥೆಯಲ್ಲೇ ವಿಮಾನ ನಿರ್ವಹಣೆ ಕೋರ್ಸು ಸೇರು. ದುಡ್ಡು ಕಟ್ಟುವ ಮೊದಲು ಆ ಒಪ್ಪಿಗೆ ಇದೆಯಾ ಅಂತ ಡಿಜಿಸಿಎ ಪಟ್ಟಿಯಲ್ಲಿ ನೀನೇ ನೋಡು, ಬೇರೆಯವರ ಬಾಯಿ ಮಾತು ನಂಬಬೇಡ. ನಾನು ಸೇರಿದ ಮೊದಲ ದಿನ ನಮ್ಮ ಹಿರಿಯ ಮೆಕ್ಯಾನಿಕ್ ಎಂಜಿನ್ ಮುಟ್ಟಲು ಬಿಡಲಿಲ್ಲ. ಕೈಗೆ ಒಂದು ಸಣ್ಣ ಬ್ರಷ್ಷು, ಕೆಂಪು ಬಣ್ಣದ ಡಬ್ಬಿ ಕೊಟ್ಟರು. ಟೈರಿನಿಂದ ರಿಮ್ಮಿಗೆ ಒಂದು ಗೆರೆ ಎಳೆ ಅಂದರು. ಎಳೆದೆ. ಒರೆಸಿ, ನೇರವಾಗಿ ಇನ್ನೊಂದು ಎಳೆ ಅಂದರು.